ಹಾವು, ತೋಳ ಮತ್ತು ಪುಟ್ಟ ಹಿಮಾಲಯ

ಎಡಿನ್‌ಬರೋದಿಂದ ಉತ್ತರಕ್ಕೆ ಹೊರಟ ರೈಲು ಲೂಕರ್ಸ್ ಎಂಬ ಸಣ್ಣ ನಿಲ್ದಾಣದಲ್ಲಿ ನಿಲ್ಲುತ್ತದೆ. ಅಲ್ಲಿ ಇಳಿದು ಬಸ್ಸು ಹಿಡಿದರೆ ಕಾಲು ಗಂಟೆಯಲ್ಲಿ ಸೇಂಟ್ ಆಂಡ್ರ್ಯೂಸ್. ಊರಿನೊಳಕ್ಕೇ ಬರುತ್ತಿದ್ದ ರೈಲು 1969ರಲ್ಲಿ ನಿಂತುಹೋಯಿತು. ಊರು ಮುಟ್ಟುವ ಮೊದಲೇ ಬಸ್ಸಿನ ಎಡಗಡೆ, ಸಮುದ್ರದ ಅಂಚಿನವರೆಗೆ ಹಬ್ಬಿದ ಹಸಿರು ಬಯಲು ಕಾಣಿಸುತ್ತದೆ. ಜಗತ್ತು ಗಾಲ್ಫ್ ಆಟದ ತವರು ಎಂದು ಕರೆಯುವುದು ಈ ಬಯಲನ್ನೇ. 1413ರಲ್ಲಿ ಆರಂಭವಾದ, ಸ್ಕಾಟ್ಲೆಂಡಿನ ಅತಿ ಹಳೆಯ ವಿಶ್ವವಿದ್ಯಾಲಯ ಇರುವುದೂ ಇದೇ ಊರಿನಲ್ಲಿ. ವಿದ್ಯಾರ್ಥಿಗಳಿಗೆ ಮೈದಾನದಲ್ಲಿ ರಿಯಾಯಿತಿ ದರದ ಟಿಕೆಟ್ಟಿದೆ. ಆದ್ದರಿಂದ ಬೀದಿಯಲ್ಲಿ ಪುಸ್ತಕದ ಚೀಲವನ್ನೂ ಗಾಲ್ಫ್ ಚೀಲವನ್ನೂ ಒಟ್ಟಿಗೇ ಹೊತ್ತ ಹುಡುಗ ಹುಡುಗಿಯರು ಎದುರಾದರೆ ಅಚ್ಚರಿಪಡಬೇಕಾಗಿಲ್ಲ.

ಬೆಂಗಳೂರಿನ ಹೈಗ್ರೌಂಡ್ಸ್‌ನಲ್ಲಿ 1876ರಷ್ಟು ಹಳೆಯ ಗಾಲ್ಫ್ ಕ್ಲಬ್ಬಿದೆ. ಅದನ್ನು ಬೇಲಿಯಾಚೆಯಿಂದ ಮಾತ್ರ ನೋಡಿದವರೇ ನಮ್ಮಲ್ಲಿ ಹೆಚ್ಚು. ಅಂಥವರಿಗೆ ಸೇಂಟ್ ಆಂಡ್ರ್ಯೂಸಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಬೇಲಿಯೇ ಇಲ್ಲವೆಂಬ ಸಂಗತಿ. ಒಂದು ಸಾರ್ವಜನಿಕ ರಸ್ತೆ ಓಲ್ಡ್ ಕೋರ್ಸ್ ಎಂಬ ಮುಖ್ಯ ಮೈದಾನವನ್ನೇ ಅಡ್ಡ ಹಾಯುತ್ತದೆ. ಸಮುದ್ರ ದಂಡೆಗೆ ಹೊರಟವರು ಆಟಗಾರರ ನಡುವೆಯೇ ದಾಟುತ್ತಾರೆ. ದೊಡ್ಡ ಪಂದ್ಯಗಳ ದಿನ ಬಿಟ್ಟರೆ ಭಾನುವಾರ ಇಲ್ಲಿ ಆಟವಿಲ್ಲ. ಅಂದು ಊರಿನವರು ನಾಯಿಗಳನ್ನೂ ಮಕ್ಕಳನ್ನೂ ಕರೆದುಕೊಂಡು ಅದೇ ಹುಲ್ಲಿನ ಮೇಲೆ ಅಡ್ಡಾಡುತ್ತಾರೆ. ಈ ಹಕ್ಕು ನಿನ್ನೆ ಮೊನ್ನೆಯದಲ್ಲ. ಜನ ಬಿಲ್ವಿದ್ಯೆ ಬಿಟ್ಟು ಚೆಂಡಿನ ಹಿಂದೆ ಬಿದ್ದಿದ್ದಾರೆಂದು 1457ರಲ್ಲಿ ಎರಡನೇ ಜೇಮ್ಸ್ ದೊರೆಯ ಕಾಲದ ಸಂಸತ್ತು ಗಾಲ್ಫ್ ಆಟವನ್ನು ನಿಷೇಧಿಸಿತ್ತು. ನೂರು ವರ್ಷ ತುಂಬುವುದರೊಳಗೆ, 1552ರಲ್ಲಿ, ಆರ್ಚ್‌ಬಿಷಪ್ ಹ್ಯಾಮಿಲ್ಟನ್ ಈ ಬಯಲಿನಲ್ಲಿ ಮೊಲ ಸಾಕಲು ಅನುಮತಿ ಪಡೆದಾಗ, ಊರಿನವರು ಅಲ್ಲಿ ಗಾಲ್ಫ್ ಆಡುವ ಹಕ್ಕನ್ನು ಬರಹದಲ್ಲಿ ಒಪ್ಪಿಕೊಳ್ಳಬೇಕಾಯಿತು. ಮೊಲಕ್ಕೂ ಮನುಷ್ಯನಿಗೂ ಆದ ಒಪ್ಪಂದವೆನ್ನಿ.

ಆಟದ ಮೂಲ ಸರಳ. ಹದಿನೆಂಟು ಕುಳಿಗಳು; ಚೆಂಡನ್ನು ಅತಿ ಕಡಿಮೆ ಹೊಡೆತಗಳಲ್ಲಿ ಒಂದೊಂದಾಗಿ ಎಲ್ಲ ಕುಳಿಗಳಿಗೂ ಸೇರಿಸಿದವನು ಗೆದ್ದ. (ಮೊದಲು ಇಲ್ಲಿ ಒಂದು ಸುತ್ತಿಗೆ 22 ಕುಳಿಗಳ ಲೆಕ್ಕವಿತ್ತು. 1764ರಲ್ಲಿ ಅದನ್ನು 18ಕ್ಕೆ ಇಳಿಸಿದರು. ಮುಂದೆ ಜಗತ್ತೆಲ್ಲ ಅದನ್ನೇ ಅನುಸರಿಸಿತು.) ತೊಡಕಿರುವುದು ಬೇರೆ ಕಡೆ. ಸುಮಾರು ನಾಲ್ಕು ಗಂಟೆ ಒಟ್ಟಿಗೆ ನಡೆಯುವ ಆಟವಿದು. ತಂದೆ ಇಪ್ಪತ್ತು ವರ್ಷದಿಂದ ಆಡಿದವರು, ಮಗಳು ಹೋದ ತಿಂಗಳು ಕೋಲು ಹಿಡಿದವಳು ಎಂದಿಟ್ಟುಕೊಳ್ಳಿ. ಮೂರನೇ ಕುಳಿಗೇ ಫಲಿತಾಂಶ ತಿಳಿದುಹೋದರೆ ಉಳಿದ ಹದಿನೈದು ಕುಳಿಗಳಲ್ಲಿ ಆ ಹುಡುಗಿಗೇನು ಕೆಲಸ? ಪಳಗಿದವರನ್ನೂ ಈ ಆಟ ಬಿಡುವುದಿಲ್ಲ. ಓಲ್ಡ್ ಕೋರ್ಸಿನ 14ನೇ ಕುಳಿಯ ದಾರಿಯಲ್ಲಿ 'ಹೆಲ್' ಎಂಬ ಮರಳುಗುಂಡಿಯಿದೆ. ಹೆಸರೇ ನರಕ. 1995ರ ಓಪನ್ ಪಂದ್ಯದಲ್ಲಿ ಜಾಕ್ ನಿಕ್ಲಾಸ್‌ರಂಥ ಆಟಗಾರ ಅದರಲ್ಲಿ ಸಿಕ್ಕಿಕೊಂಡು ಆ ಒಂದು ಕುಳಿಗೆ ಹತ್ತು ಹೊಡೆತ ತೆಗೆದುಕೊಂಡರು.

ಇದಕ್ಕೆ ಮದ್ದು ಹುಡುಕಿದವರು ಒಬ್ಬ ವೈದ್ಯರು. ಲಿವರ್‌ಪೂಲ್ ಎದುರಿನ ವಾಲಸಿ ಕ್ಲಬ್ಬಿನ ಸದಸ್ಯರಾಗಿದ್ದ ಡಾ. ಫ್ರ್ಯಾಂಕ್ ಸ್ಟೇಬಲ್‌ಫರ್ಡ್. ಸಮುದ್ರದ ಗಾಳಿಗೆ ಒಂದೆರಡು ಕುಳಿ ಕೆಟ್ಟರೆ ಸಾಕು, ಜನ ಕಾರ್ಡು ಹರಿದು ಮನೆಗೆ ಹೊರಡುತ್ತಿದ್ದರು. 1932ರಲ್ಲಿ ಅವರ ಲೆಕ್ಕ ಜಾರಿಗೆ ಬಂತು. ಈಗ ಅದು ನಡೆಯುವುದು ಹೀಗೆ: ನಿಗದಿಯಾದ ಹೊಡೆತಗಳಲ್ಲಿ ಕುಳಿ ಮುಗಿಸಿದರೆ 2 ಅಂಕ, ಒಂದು ಕಡಿಮೆಯಾದರೆ 3, ಒಂದು ಹೆಚ್ಚಾದರೆ 1, ಅದಕ್ಕಿಂತ ಕೆಟ್ಟರೆ ಸೊನ್ನೆ. ಸೊನ್ನೆಗಿಂತ ಕೆಳಗೆ ಇಳಿಯುವಂತಿಲ್ಲ. ನರಕದ ಗುಂಡಿಯಲ್ಲಿ ಹತ್ತು ಹೊಡೆದರೂ ಸೊನ್ನೆ, ಇಪ್ಪತ್ತು ಹೊಡೆದರೂ ಸೊನ್ನೆ. ಹೊಸಬರಿಗೆ ಹ್ಯಾಂಡಿಕ್ಯಾಪ್ ಎಂಬ ಹೆಚ್ಚುವರಿ ಹೊಡೆತಗಳ ರಿಯಾಯಿತಿಯೂ ಇದೆ. ತನ್ನ ಶಕ್ತಿಗೆ ತಕ್ಕಂತೆ ಆಡಿದವರಿಗೆ 36 ಅಂಕ ಬರುತ್ತದೆ. ಎಸ್ಸೆಸ್ಸೆಲ್ಸಿಗೆ ಹಿಂದೆ ಇದ್ದ ಪಾಸು ಅಂಕಕ್ಕಿಂತ ಒಂದೇ ಹೆಚ್ಚು! ವ್ಯತ್ಯಾಸವೆಂದರೆ, ಇಲ್ಲಿ ಒಂದು ವಿಷಯದಲ್ಲಿ ಸೊನ್ನೆ ಬಂದರೂ ಮಿಕ್ಕ ಹದಿನೇಳು ವಿಷಯಗಳಲ್ಲಿ ಸರಿದೂಗಿಸಿಕೊಳ್ಳಬಹುದು.

ಸುತ್ತಿನ ಒಳಗೇ ಹೆಣೆದುಕೊಳ್ಳುವ ಉಪ ಆಟಗಳು ಇನ್ನೂ ಹಲವು. ಬಿಂಗೊ-ಬ್ಯಾಂಗೊ-ಬಾಂಗೊ ಎಂಬುದರ ಹೆಸರು ಕೇಳಿದರೆ ಮಕ್ಕಳ ಪ್ರಾಸದಂತಿದೆ, ಆದರೆ ನ್ಯಾಯ ಮಾತ್ರ ದೊಡ್ಡವರದು. ಪ್ರತಿ ಕುಳಿಗೂ ಮೂರು ಅಂಕ. ಕುಳಿಯ ಸುತ್ತಲಿನ ನುಣುಪು ಹುಲ್ಲಿಗೆ, ಅಂದರೆ ಗ್ರೀನ್‌ಗೆ, ಮೊದಲು ಚೆಂಡು ತಲುಪಿಸಿದವರಿಗೆ ಒಂದು. ಎಲ್ಲರ ಚೆಂಡೂ ಅಲ್ಲಿ ಸೇರಿದಾಗ ಕುಳಿಗೆ ಹತ್ತಿರವಿದ್ದವರಿಗೆ ಒಂದು. ಮೊದಲು ಕುಳಿಗೆ ಹಾಕಿದವರಿಗೆ ಒಂದು. ದೂರ ಉಳಿದವರು ಮೊದಲು ಹೊಡೆಯಬೇಕೆಂಬುದು ಗಾಲ್ಫಿನ ಕ್ರಮ. ಹೀಗಾಗಿ ಹಿಂದೆ ಬಿದ್ದ ಎಳೆಯರಿಗೇ ಮೊದಲ ಅವಕಾಶ. ಗೋಲಿಯಾಟದಲ್ಲಿ ಸರದಿಗಾಗಿ ಜಗಳವಾಡಿದವರಿಗೆ ಇದರ ರುಚಿ ಕೂಡಲೇ ಹತ್ತುತ್ತದೆ.

ತೋಳದಾಟಕ್ಕೆ ನಾಲ್ವರು ಬೇಕು. ಸರದಿಯಂತೆ ಒಬ್ಬೊಬ್ಬರು ತೋಳ. ಉಳಿದವರ ಮೊದಲ ಹೊಡೆತ ನೋಡುತ್ತ ತೋಳ ಜೊತೆಗಾರನನ್ನು ಆರಿಸಿಕೊಳ್ಳಬೇಕು. ಮುಂದಿನವನು ಹೊಡೆದ ಮೇಲೆ ಹಿಂದಿನವನನ್ನು ಬೇಕೆನ್ನುವಂತಿಲ್ಲ. ಯಾರೂ ಬೇಡವೆಂದರೆ ಒಬ್ಬಂಟಿಯಾಗಿ ಮೂವರ ಮೇಲೆ ಆಡಬೇಕು, ಗೆದ್ದರೆ ಅಂಕ ಹೆಚ್ಚು. ಮಕ್ಕಳ ಲೆಕ್ಕಾಚಾರವನ್ನೂ ಹಿರಿಯರ ಗುಣವನ್ನೂ ಬಯಲಿಗೆಳೆಯುವ ಆಟವಿದು.

ಈ ಮೈದಾನಕ್ಕೆ ಹೇಳಿ ಮಾಡಿಸಿದ್ದು ಹಾವಿನಾಟ. ಗ್ರೀನ್ ಮೇಲೆ ಮೂರು ಸಲ ತಳ್ಳಿದರೂ ಮುಗಿಸಲಾರದೆ ಹೋದವರೋ, ಮೂರನೆಯದಕ್ಕೆ ಮುಗಿಸಿದವರೋ, ಹಾವು ಅವರ ಕೈಗೆ. ಇನ್ನೊಬ್ಬರು ಅದೇ ತಪ್ಪು ಮಾಡುವವರೆಗೆ ಅದು ಅಲ್ಲೇ. ಕೊನೆಗೆ ಹಾವು ಹಿಡಿದಿದ್ದವರು ಸೋತಂತೆ. ಓಲ್ಡ್ ಕೋರ್ಸಿನಲ್ಲಿ ಎರಡೆರಡು ಕುಳಿಗಳು ಒಂದೇ ಗ್ರೀನನ್ನು ಹಂಚಿಕೊಂಡಿವೆ. ಎರಡಕ್ಕೆ ಹದಿನಾರು, ಮೂರಕ್ಕೆ ಹದಿನೈದು, ಹೀಗೆ ಜೋಡಿಗಳನ್ನು ಕೂಡಿದಾಗಲೆಲ್ಲ ಹದಿನೆಂಟೇ ಬರುತ್ತದೆ. ಅಂಥ ಗ್ರೀನುಗಳು ಏಳಿವೆ. ಅಷ್ಟು ವಿಶಾಲವಾದ ಅಂಗಳದಲ್ಲಿ ಮೂರು ತಳ್ಳುವುದು ಯಾರಿಗೂ ತಪ್ಪಿದ್ದಲ್ಲ. ಹಾವು ಸುಮ್ಮನಿರುವುದೇ ಇಲ್ಲ.

ನ್ಯಾಸೊ ಎಂಬುದು ಅಮೆರಿಕದ ಲಾಂಗ್ ಐಲೆಂಡಿನಲ್ಲಿ, ಅದೇ ಹೆಸರಿನ ಕ್ಲಬ್ಬಿನಲ್ಲಿ, 1900ರ ಸುಮಾರಿಗೆ ಹುಟ್ಟಿದ್ದು. ಭಾರೀ ಅಂತರದ ಸೋಲು ಪತ್ರಿಕೆಯಲ್ಲಿ ಅಚ್ಚಾಗುವುದನ್ನು ಅಲ್ಲಿನ ಗಣ್ಯರು ಸಹಿಸಲಿಲ್ಲವಂತೆ. ಮೊದಲ ಒಂಬತ್ತು, ಕೊನೆಯ ಒಂಬತ್ತು, ಒಟ್ಟು ಹದಿನೆಂಟು ಎಂದು ಆಟವನ್ನು ಮೂರು ಪಾಲು ಮಾಡಿದರು. ಎಷ್ಟೇ ಸೋತರೂ 3-0 ಅಷ್ಟೆ.

ಇವುಗಳಿಗೆಲ್ಲ ಹಣದ ವಾಸನೆಯೂ ಇದೆ ಎಂಬುದನ್ನು ಮುಚ್ಚಿಡಬೇಕಿಲ್ಲ. ಹಳೆಯ ಸ್ಕಾಟಿಷ್ ಕ್ಲಬ್ಬುಗಳು ಪಣದ ಪುಸ್ತಕವನ್ನೇ ಇಟ್ಟಿದ್ದವು. 1983ರಿಂದ ಅಮೆರಿಕದ ಟೀವಿಯಲ್ಲಿ ಕುಳಿಗಿಷ್ಟು ಡಾಲರ್ ಎಂದು ಕಟ್ಟಿ ಆಡುವ 'ಸ್ಕಿನ್ಸ್' ಆಟ ಬಂದು ಮೆರೆಯಿತು. ಆದರೆ ಮೇಲೆ ಹೇಳಿದ ಯಾವ ಆಟಕ್ಕೂ ದುಡ್ಡು ಅಗತ್ಯವಿಲ್ಲ. ಸೋತವರು ಚೀಲ ಹೊರುವುದೋ, ಚಹಾ ಕೊಡಿಸುವುದೋ ಸಾಕು. ಮಕ್ಕಳೊಂದಿಗೆ ಆಡುವಾಗಲಂತೂ ಅದನ್ನು ದಾಟಬಾರದು.

ಓಲ್ಡ್ ಕೋರ್ಸಿಗೆ ಹ್ಯಾಂಡಿಕ್ಯಾಪ್ ಪ್ರಮಾಣಪತ್ರ ಬೇಕು. ಅವಕಾಶ ಸಿಗುವುದೂ ಬಹುಮಟ್ಟಿಗೆ ಲಾಟರಿಯ ಮೇಲೆ. ಅದಿಲ್ಲದ ಮಕ್ಕಳಿಗೆ ಪಕ್ಕದಲ್ಲೇ ಬಾಲ್ಗೋವ್ ಎಂಬ ಒಂಬತ್ತು ಕುಳಿಗಳ ಮೈದಾನವಿದೆ. ಅದಕ್ಕಿಂತ ಸೊಗಸಾದದ್ದು ಸಮುದ್ರ ದಂಡೆಯ ಬಳಿಯ 'ಹಿಮಾಲಯ'. ಉಬ್ಬುತಗ್ಗುಗಳ ಹುಲ್ಲುಹಾಸಿಗೆ ನಮ್ಮ ಪರ್ವತದ ಹೆಸರಿಟ್ಟಿದ್ದಾರೆ. ಏರಿದರೆ ಉಸಿರು ಕಟ್ಟುವುದಿಲ್ಲ. ಇದು 1867ರಲ್ಲಿ ಸ್ಥಾಪನೆಯಾದ ಮಹಿಳೆಯರ ಪಟಿಂಗ್ ಕ್ಲಬ್ಬಿನದು. ಹೆಂಗಸರು ಭುಜದ ಮೇಲಕ್ಕೆ ಕೋಲೆತ್ತಿ ಬೀಸುವುದು ಸಭ್ಯತೆಯಲ್ಲವೆಂದು ಭಾವಿಸಿದ್ದ ಕಾಲವದು. ಆದ್ದರಿಂದ ಚೆಂಡನ್ನು ಮೆಲ್ಲಗೆ ತಳ್ಳುವ ಈ ತುಂಡು ಆಟವಷ್ಟೇ ಅವರ ಪಾಲಿಗೆ ಬಂತು. ಹತ್ತಿರದಲ್ಲೇ ಕಲ್ಲಿನ ದೊಡ್ಡ ಕಟ್ಟಡದಲ್ಲಿರುವ ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್ ಮಹಿಳೆಯರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಒಪ್ಪಿದ್ದು 2014ರ ಸೆಪ್ಟೆಂಬರ್ 18ರಂದು, ಸ್ಕಾಟ್ಲೆಂಡ್ ಸ್ವತಂತ್ರವಾಗಬೇಕೇ ಎಂದು ನಾಡಿಗೆ ನಾಡೇ ಮತ ಹಾಕಿದ ದಿನವೇ.

ಹಿಮಾಲಯಕ್ಕೆ ಮಾತ್ರ ಯಾರು ಬೇಕಾದರೂ ಬರಬಹುದು. ಬೇಸಿಗೆಯ ತಿಂಗಳುಗಳಲ್ಲಿ ಕೆಲವೇ ಪೌಂಡು ಕೊಟ್ಟರೆ ಕೋಲು, ಚೆಂಡು ಎರಡನ್ನೂ ಅವರೇ ಕೊಡುತ್ತಾರೆ. ಅಜ್ಜಿ, ಮೊಮ್ಮಗ, ಪರೀಕ್ಷೆ ಮುಗಿಸಿದ ವಿದ್ಯಾರ್ಥಿ, ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಹಾವಿನಾಟ ಇಲ್ಲೂ ಚೆನ್ನಾಗಿ ನಡೆಯುತ್ತದೆ.