ಗಾಜಿನ ಸುರಂಗದಲ್ಲಿ 55 ಕಿಲೋಮೀಟರ್

ಲೇಸರ್ ಮಿಣುಕಿತು. ಹೊರಬಿದ್ದ ಬೆಳಕಿಗೆ ಹಿಂತಿರುಗಿ ನೋಡಲು ಪುರಸೊತ್ತಿಲ್ಲ. ಬೆನ್ನ ಹಿಂದೆ ಸೆಕೆಂಡಿಗೆ ಸಾವಿರ ಕೋಟಿ ಮಿಣುಕುಗಳು ನುಗ್ಗಿ ಬರುತ್ತಿವೆ. ಇದು ಕುಮಾರಪಟ್ಟಣ. ಮಗ್ಗುಲಲ್ಲಿ ತುಂಗಭದ್ರೆ, ಆಚೆ ದಡದಲ್ಲಿ ಹರಿಹರ. ಮರದ ತಿರುಳಿನಿಂದ ಬಟ್ಟೆಯ ನಾರು ತೆಗೆಯುವ ಪಾಲಿಫೈಬರ್ಸ್ ಕಾರ್ಖಾನೆಯ ಊರಿನಲ್ಲಿ ನಮ್ಮ ಕಥಾನಾಯಕ ಹೊಕ್ಕಿರುವುದು ಗಾಜಿನ ಎಳೆಯೊಳಕ್ಕೆ. ಮುಟ್ಟಬೇಕಾದದ್ದು ಹಾವೇರಿ. ಹೆದ್ದಾರಿ 48ರ ಗುಂಟ ಸುಮಾರು 55 ಕಿಲೋಮೀಟರ್, ನೆಲದಡಿ ಐದೂವರೆ ಅಡಿ ಆಳದಲ್ಲಿ.

ಸುರಂಗದ ಅಗಲ ಮಿಲಿಮೀಟರಿನ ನೂರನೇ ಒಂದು ಭಾಗವೂ ಇಲ್ಲ. ಸುತ್ತಲಿನ ಹೊದಿಕೆಯೂ ಗಾಜೇ. ಒಳಗಾಜಿನಲ್ಲಿ ಬೆಳಕು ಕೊಂಚ ನಿಧಾನ, ಹೊದಿಕೆಯಲ್ಲಿ ಕೊಂಚ ಚುರುಕು. ವ್ಯತ್ಯಾಸ ನೂರಕ್ಕೆ ಅರ್ಧವೂ ಇಲ್ಲ, ಪ್ರಾಣ ನಿಂತಿರುವುದು ಅಷ್ಟರ ಮೇಲೇ. ಗೋಡೆ ಬಂತು! ನೇರ ನುಗ್ಗಿದರೆ ಹೊದಿಕೆ ಹೊಕ್ಕು ಹೊರಕ್ಕೆ, ಕಥೆ ಮುಗಿಯಿತು. ಮೈ ಒರಗಿಸಿ, ಗೋಡೆಗೆ ಹೆಚ್ಚೆಂದರೆ ಐದು ಡಿಗ್ರಿ ಓರೆಯಲ್ಲಿ ತಾಗಿದರೆ ಅಷ್ಟೂ ಬೆಳಕು ಒಳಕ್ಕೇ ಪುಟಿಯುತ್ತದೆ, ಹೊಳೆಯ ಮೇಲೆ ಓರೆಯಾಗಿ ಬೀಸಿದ ಹೆಂಚಿನ ಚೂರಿನ ಹಾಗೆ. ಪಿಯುಸಿಯಲ್ಲಿ ಓದಿದ ಪೂರ್ಣ ಆಂತರಿಕ ಪ್ರತಿಫಲನ ಇದೇ. ಗೋಡೆ ಕನ್ನಡಿಯದಾಗಿದ್ದರೆ? ಪ್ರತಿ ಪುಟಿತಕ್ಕೆ ನೂರರಲ್ಲಿ ಒಂದೇ ಪಾಲು ನುಂಗಿದರೂ ಐನೂರು ಪುಟಿತಗಳಾಗುವಷ್ಟರಲ್ಲಿ ಸಾವಿರಕ್ಕೆ ಏಳು ಪಾಲೂ ಉಳಿಯುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಇಷ್ಟು ಸಪೂರ ಎಳೆಯಲ್ಲಿ ಬೆಳಕು ಅಲೆಯಾಗಿಯೇ ಹರಿಯುತ್ತದೆ, ಅಲೆಯ ಅಂಚು ಹೊದಿಕೆಯೊಳಕ್ಕೂ ಚಾಚಿರುತ್ತದೆ. ಕೇಬಲ್ಲನ್ನು ತೀರಾ ಮಡಚಿದರೆ ಬೆಳಕು ಸೋರುವುದು ಅದಕ್ಕೇ.

ಚಳಗೇರಿ ದಾಟಿತು. ಈಗ ಹಗೆ ಗೋಡೆಯಲ್ಲ, ಗಾಜೇ. ಕರಗಿದ ಗಾಜು ಆರುವಾಗ ಅದರೊಳಗೆ ಹೆಪ್ಪುಗಟ್ಟಿ ಉಳಿದ ಸೂಕ್ಷ್ಮ ಏರುಪೇರುಗಳು ಬೆಳಕನ್ನು ದಿಕ್ಕುದಿಕ್ಕಿಗೆ ಚದುರಿಸುತ್ತವೆ. ಕಲ್ಮಶ ತೆಗೆದರೆ ಗಾಜಿನಲ್ಲೂ ಬೆಳಕು ದೂರ ಓಡೀತು ಎಂದು 1966ರಲ್ಲಿ ಚಾರ್ಲ್ಸ್ ಕಾವೊ, ಜಾರ್ಜ್ ಹಾಕ್‌ಹಮ್ ವಾದಿಸಿದಾಗ ಕೇಳಿದ್ದು ಇಷ್ಟೇ: ಒಂದು ಕಿಲೋಮೀಟರ್ ಆದ ಮೇಲೆ ನೂರರಲ್ಲಿ ಒಂದು ಪಾಲು ಉಳಿಯಲಿ. 1970ರಲ್ಲಿ ಕಾರ್ನಿಂಗ್ ಕಂಪನಿ ಆ ಗುರಿ ದಾಟಿತು. ಕಾವೊಗೆ 2009ರಲ್ಲಿ ನೊಬೆಲ್ ಬಂತು. ಇಂದಿನ ಎಳೆಯಲ್ಲಿ ಅದೇ ಒಂದು ಪಾಲು ಉಳಿಯುವುದು ನೂರು ಕಿಲೋಮೀಟರ್ ಓಡಿದ ಮೇಲೆ! ಆದರೂ ರಾಣೆಬೆನ್ನೂರು ಹತ್ತಿರವಾಗುವಷ್ಟರಲ್ಲಿ ನಮ್ಮ ನಾಯಕ ಅರ್ಧಕ್ಕೂ ಹೆಚ್ಚು ಮೈ ಕಳೆದುಕೊಂಡಿದ್ದಾನೆ. ಹೊರಟು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗವಷ್ಟೇ ಆಗಿದೆ.

ಆಗ ಜೆಸಿಬಿ.

ಚರಂಡಿಗೋ ನೀರಿನ ಪೈಪಿಗೋ ಎರೆಮಣ್ಣಿಗಿಳಿದ ಬಕೆಟ್ ಒಂದೇ ಸೆಳೆತಕ್ಕೆ ಎಳೆಗಳನ್ನೆಲ್ಲ ಹರಿದು ಮೇಲೆತ್ತಿತು. ಗೋಡೆಯಿಲ್ಲ, ಓರೆಯ ಲೆಕ್ಕವಿಲ್ಲ, ಬಟ್ಟಬಯಲು. ಸಾವಿರ ಕೋಟಿಯ ದಂಡು ಸೆಕೆಂಡು ಸೆಕೆಂಡಿಗೂ ಆ ಗುಂಡಿಗೆ ಸುರಿದು ಸಾಯುತ್ತಿದೆ. ಇನ್‌ಫ್ರಾರೆಡ್ ಆದ್ದರಿಂದ ಆಪರೇಟರನ ಕಣ್ಣಿಗೆ ಏನೂ ಬೀಳದು. ಬ್ಯಾಂಕಿನಲ್ಲಿ, ಎಪಿಎಂಸಿಯಲ್ಲಿ ಒಂದೇ ಮಾತು: ‘ನೆಟ್ ಇಲ್ರೀ.’

ಎಲ್ಲಿ ಹರಿದಿದೆ? ಹಾವೇರಿಯ ತನಕ ಅಗೆಯಲಾದೀತೇ? ಕುಮಾರಪಟ್ಟಣದ ತುದಿಯಲ್ಲಿ ಒಟಿಡಿಆರ್ ಯಂತ್ರ ಒಂದು ಮಿಣುಕು ಕಳಿಸಿ ಕಾಯುತ್ತದೆ. ಗಾಜು ಚದುರಿಸಿದ ಬೆಳಕಿನಲ್ಲಿ ಒಂದಿಷ್ಟು ಹಿಂದಕ್ಕೂ ಬರುತ್ತದಲ್ಲ, ಅದು ಎಲ್ಲಿ ಥಟ್ಟನೆ ನಿಂತಿತೋ ಅಲ್ಲೇ ಕಟ್. 200 ಮೈಕ್ರೊಸೆಕೆಂಡಿಗೆ ನಿಂತರೆ ಹೋಗಿಬರುವ ದಾರಿ 40 ಕಿಲೋಮೀಟರ್, ಗುಂಡಿ ಇರುವುದು 20ರಲ್ಲಿ. ಇಡೀ ಸಾಹಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ: ದಾರಿಯುದ್ದಕ್ಕೂ ಬೆಳಕನ್ನು ಕದ್ದ ಚದುರಿಕೆಯೇ ಈಗ ಸಾಕ್ಷಿ ನುಡಿಯುತ್ತಿದೆ.

ಜಾಯಿಂಟ್ ಹಾಕುವವರು ಬಂದರು. ಮಳೆ. ತಾಡಪತ್ರಿಯ ಕೆಳಗೆ, ಕೆಸರಿನಲ್ಲಿ ಮಂಡಿಯೂರಿ ಕೆಲಸ. ನೀಲಿಗೆ ನೀಲಿ, ಕಿತ್ತಳೆಗೆ ಕಿತ್ತಳೆ. ಲೇಪ ಸುಲಿ, ಸ್ಪಿರಿಟ್ ಹಚ್ಚಿ ಒರೆಸು, ತುದಿ ನೇರ ಕತ್ತರಿಸು. ಸ್ಪ್ಲೈಸಿಂಗ್ ಯಂತ್ರ ಎರಡೂ ತುದಿಗಳನ್ನು ಎದುರುಬದುರು ತಂದು ವಿದ್ಯುತ್ ಕಿಡಿಯಲ್ಲಿ ಕರಗಿಸಿ ಬೆಸೆಯುತ್ತದೆ. ಧೂಳಿನ ಒಂದು ಕಣ ಸಿಕ್ಕಿದರೂ ಮತ್ತೆ ಮೊದಲಿನಿಂದ. ಒಂದು ಎಳೆ, ಎರಡು, ಹತ್ತು, 24.

ಮಿಣುಕು! ಕಾಕೋಳ, ಮೋಟೆಬೆನ್ನೂರು, ಹಾವೇರಿ. ರಿಸೀವರ್ ಮುಟ್ಟಿದಾಗ ನೂರಕ್ಕೆ ಆರೇಳು ಪಾಲಷ್ಟೇ ಉಳಿದಿದೆ, ಅಷ್ಟು ಧಾರಾಳ ಸಾಕು. ಗುಂಡಿಯೊಳಗೆ ಫೋನು ಬಡಿದುಕೊಂಡಿತು.

‘ಲಿಂಕ್ ಬಂತೇನ್ರಿ ಸರ್?’

‘ಬಂತ್ರೀ, ಪವರ್ ಛಲೋ ಐತಿ. ಆ ಜೆಸಿಬಿ ಇನ್ನೂ ಅಲ್ಲೇ ನಿಂತೈತೇನು? ಮೊದ್ಲ ಅದನ್ನ ಆಕಡೆ ಕಳಸ್ರಿ!’