ಗುರುವಿನ ಹೆಸರು: ಅತ್ತೆ

ನಮ್ಮ ದೊಡ್ಡವ್ವನಿಗೆ ತಾನು ಜನಪದ ಗಾಯಕಿ ಎಂಬ ಸಂಗತಿ ತಿಳಿದದ್ದು ಎಪ್ಪತ್ತು ದಾಟಿದ ಮೇಲೆ, ಅದೂ ನನ್ನ ಬಾಯಿಂದ. ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಿಸೋಣವೆಂದು ಹೋಗಿದ್ದೆ. "ನಾನೇನು ನಾಟಕದೋಳೇನ್ಲಾ?" ಎಂದು ಗದರಿದಳು. ಮಂಡ್ಯ ಸೀಮೆಯ ನಮ್ಮೂರಲ್ಲಿ ಅವಳು ಸೋಬಾನೆ ಹೇಳದೆ ಯಾವ ಹೆಣ್ಣಿನ ಕೆನ್ನೆಗೂ ಅರಿಶಿನ ಹತ್ತಿದ್ದಿಲ್ಲ!

ಅರ್ಜಿಯಲ್ಲಿ ಮೊದಲು ಕೇಳಿದ್ದು ಗುರುವಿನ ಹೆಸರು. "ನಮ್ಮತ್ತೆ ಅಂತ ಬರ್ಕೋ. ರಾಗಿ ಬೀಸೋವಾಗ ಎದುರ್ಗೆ ಕುಂತಿರೋಳು." ಪ್ರದರ್ಶನ ನೀಡಿದ ಸ್ಥಳಗಳು? "ಚಪ್ಪರ, ಹಟ್ಟಿ, ಹಿತ್ಲು."

ಈ ಗುರುಕುಲ ಬಲು ಹಳೆಯದು. ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಹೊರತಂದಾಗ ಓದುಬಲ್ಲವರನ್ನು ಬೆರಗುಗೊಳಿಸಿದ ತ್ರಿಪದಿಗಳು ಬೀಸುಕಲ್ಲಿನ ಮುಂದೆ ಬೆಳೆದಂಥವು. ಇಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿದರೆ, ಒಬ್ಬಳು ಎತ್ತಿದ್ದನ್ನು ಇನ್ನೊಬ್ಬಳು ಹಿಡಿಯಬೇಕು. ತಪ್ಪಿದರೆ ಕಲ್ಲೂ ತಡೆಯುತ್ತದೆ, ಅತ್ತೆಯ ಕಣ್ಣೂ ಕೆಂಪಾಗುತ್ತದೆ. ಹಿಟ್ಟಿನ ಗಿರಣಿ ಬಂದು ಹೆಂಗಸರ ರಟ್ಟೆಗೆ ಬಿಡುವು ಸಿಕ್ಕಿತು. ಬೀಸುಕಲ್ಲು ಹೋಯಿತೆಂದು ಅಳುವ ಸಂಸ್ಕೃತಿಪ್ರಿಯರು ಒಂದು ಸೇರು ರಾಗಿ ಬೀಸಿ ಆಮೇಲೆ ಅಳಲಿ. ಪದ ಕಲಿಯುವ ಜಾಗ ಮಾತ್ರ ಹೋಯಿತು.

ಅದೇ ಮಾಸಾಶನಕ್ಕೆ ಎದುರುಮನೆಯ ದೇವರಗುಡ್ಡನ ಅರ್ಜಿ ಸಲೀಸಾಗಿ ತುಂಬಿತು. ತಾಯ್ತಂದೆ ಹರಕೆ ಹೊತ್ತು ಮಲೆ ಮಾದಪ್ಪನಿಗೆ ಗುಡ್ಡ ಬಿಟ್ಟ ಮಗ ಅವನು. ಗುರುವಿದ್ದಾನೆ, ದೀಕ್ಷೆಯಿದೆ, ರುದ್ರಾಕ್ಷಿ, ಜೋಳಿಗೆ, ಕೈಯಲ್ಲಿ ಕಂಸಾಳೆ. ಮಾದಪ್ಪನ ಕಥೆಯ ಸಂಕಮ್ಮನ ಸಾಲು ಎತ್ತಿಕೊಂಡರೆ ಬೆಳಗಾಗುತ್ತದೆ. ಗಂಟಲು ಹೇಗಿದೆ ಎಂದು ಮಾದಪ್ಪ ಯಾವತ್ತೂ ಕೇಳಿದವನಲ್ಲ. ಅದನ್ನು ಕೇಳುವವರು ಟಿವಿಯ ತೀರ್ಪುಗಾರರು.

ಅರ್ಜಿಯ ಜೊತೆಗಿರಲಿ ಎಂದು ದೊಡ್ಡವ್ವನ ಎದುರು ಮೊಬೈಲು ಹಿಡಿದು, ಒಂದು ಸೋಬಾನೆ ಹೇಳು ಅಂದೆ.

"ಹೆಣ್ಣೆಲ್ಲಿ?"

"ಇಲ್ಲ ಕಣವ್ವ, ಸುಮ್ನೆ ಹೇಳು."

"ಸುಮ್ ಸುಮ್ನೆ ಯಾರಿಗ್ಲಾ ಹೇಳದು?"

ಕೊನೆಗೆ ಅವಳ ಸೊಸೆ ನಗುತ್ತಾ ಮಣೆ ಹಾಕಿದಳು. ಹೆಣ್ಣಾಗಿ ಕೂತವನು ನಾನೇ. ನಿಜವಾದ ಅರಿಶಿನವನ್ನೇ ಕಲಸಿ ತಂದರು. ಕೆನ್ನೆಗೆ ಕೈ ಸೋಕಿದ್ದೇ ತಡ, ಪದ ಎದ್ದಿತು. ನನ್ನ ಹೆಸರು, ನನ್ನ ಹೆಂಡತಿಯ ತವರೂರು, ನಮ್ಮ ಮಾವನ ಜಿಪುಣತನ, ಒಂದೊಂದೂ ಹಳೇ ಸಾಲಿನ ತೆರಪಿನಲ್ಲಿ ಹೋಗಿ ಕೂತವು. ಒಂದು ಹೆಸರು ಉದ್ದವಾಯಿತೆಂದು ಅದರ ಬಾಲ ಕತ್ತರಿಸಿ, ಮುಂದಿನ ಮಾತನ್ನು ಎಳೆದು ಸರಿದೂಗಿಸಿದಳು. ಉಸಿರು ಮಾತ್ರ ಎಲ್ಲೂ ಕಡಿಯಲಿಲ್ಲ. ಬೀಗರನ್ನು ಹಾಸ್ಯ ಮಾಡುವ ಕಡೆ ನನ್ನ ಬೊಕ್ಕತಲೆಯೂ ಬಂತು. ಅದು ಅತ್ತೆ ಕಲಿಸಿದ್ದಂತೂ ಅಲ್ಲ.

ಇಷ್ಟಾದರೂ ಹೆಬ್ಬೆಟ್ಟು ಒತ್ತಲು ಒಪ್ಪಲಿಲ್ಲ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರ ಕಥೆ ಹೇಳಿದೆ: ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ಬಾಯಲ್ಲೇ ಉಳಿಸಿಕೊಂಡು ಬಂದವರು, ಊರಿನ ಸಾರಾಯಿಯ ವಿರುದ್ಧ ನಿಂತವರು, 2017ರಲ್ಲಿ ಪದ್ಮಶ್ರೀ ಪಡೆದವರು. ದೊಡ್ಡವ್ವ ಗಮನವಿಟ್ಟು ಕೇಳಿದಳು.

"ಆವಮ್ಮಂಗೆ ಹಿಂದೆ ಹೇಳೋರು ಯಾರ್ಯಾರಿದ್ರು?"

ನನಗೆ ಉತ್ತರ ಹೊಳೆಯಲಿಲ್ಲ. "ನೋಡು, ಕೆಳಗಲ ಬೀದಿಯೋರಿಬ್ರು ನನ್ನ ಸಾಲ್ನ ಎಳೀದಿದ್ರೆ ಮುಂದಿನ ಸಾಲು ನಂಗೇ ನೆಪ್ಪಾಗಕಿಲ್ಲ. ಅವ್ರದ್ದೂ ಬರಿ" ಅಂದಳು. ಒಬ್ಬರಿಗೆ ಒಂದೇ ಅರ್ಜಿ ಎಂದು ಬಿಡಿಸಿ ಹೇಳಿದೆ. "ಅಂಗಾರೆ ಇನ್ನೆರಡು ತತ್ತಾ" ಎಂದು ಸೊಸೆಯನ್ನು ಕೆಳಗಲ ಬೀದಿಗೆ ಓಡಿಸಿದಳು.