ಅಪ್ಪನ ಪಿಕಪ್ಪು, ನನ್ನ ಮೈನಸ್ 12

‘ನಿಮ್ಮಪ್ಪ ಗಾಡಿ ಓಡಿಸೋದು ಬಿಟ್ಟು ತಿಂಗಳಾಯ್ತು ಕಣೋ’ ಅಂತ ಅಮ್ಮ ಫೋನಿನಲ್ಲಿ ಹೇಳಿದಾಗ ನನಗೆ ಮೊದಲು ನೆನಪಾಗಿದ್ದು ಅವರ ಕಣ್ಣಿನ ಪೊರೆ, ಆಮೇಲೆ ಬಿಪಿ. ಆ ನಾಲ್ಕು ಗಾಲಿಗಳು ನೆನಪಿಗೇ ಬರಲಿಲ್ಲ. ಅವನ್ನು ಹಾಕಿಸಿಕೊಟ್ಟವನು ನಾನೇ.

ನಮ್ಮದು ಸಕಲೇಶಪುರದ ಕಡೆ ಸಣ್ಣ ಕಾಫಿ ತೋಟ. ಗೊಬ್ಬರಕ್ಕೆ, ಮೆಣಸಿನ ಮೂಟೆಗೆ, ಆಸ್ಪತ್ರೆಗೆ, ಮದುವೆಗೆ, ಎಲ್ಲದಕ್ಕೂ ಇರುವುದು ಒಂದೇ ಹಳೆಯ ಇಸುಜು ವಿ-ಕ್ರಾಸ್. ಕಳೆದ ಮಳೆಗಾಲಕ್ಕೆ ಮುಂಚೆ ಟಯರು ಸವೆದಿದ್ದವು. ‘ಅದೇ ಸೈಜಿಂದು ಹಾಕಿಸು, ಸಾಕು’ ಅಂದಿದ್ದರು ಅಪ್ಪ. ನಾನು ಕೇಳಬೇಕಲ್ಲ! ಬೆಂಗಳೂರಲ್ಲಿ ಕೂತು ರಾತ್ರಿಯೆಲ್ಲ ರೀಲ್ಸ್ ನೋಡುವವನಿಗೆ ‘ಅದೇ ಸೈಜು’ ರುಚಿಸುತ್ತದೆಯೇ? 245/70 ಆರ್16 ಇದ್ದಲ್ಲಿ 265/75 ತಂದೆ. ಜೊತೆಗೆ 8 ಇಂಚು ಅಗಲದ ಕರಿ ಅಲಾಯ್, ಆಫ್‌ಸೆಟ್ ಮೈನಸ್ 12. ಬೋನಸ್ ದುಡ್ಡು ಪೂರ್ತಿ ಅಲ್ಲಿಗೇ ಹೋಯಿತು. ಟಯರು ಮಡ್‌ಗಾರ್ಡಿನಿಂದ ಹೊರಗೆ ಚಾಚಿ, ಗಾಡಿ ಪೈಲ್ವಾನನ ಹಾಗೆ ಕಾಣುತ್ತಿತ್ತು. ಫೋಟೋಗೆ ಬಂದ ಲೈಕುಗಳನ್ನು ಅಪ್ಪನಿಗೂ ತೋರಿಸಿದ್ದೆ. ‘ಚೆನ್ನಾಗಿದೆ’ ಅಂದಿದ್ದರು.

ಆ ಶನಿವಾರವೇ ಊರಿಗೆ ಹೋದೆ. ಅಪ್ಪನ ಬಲಗೈ ಹೆಬ್ಬೆರಳು ಇನ್ನೂ ಊದಿಕೊಂಡಿತ್ತು. ತೋಟದ ದಾರಿಯಲ್ಲಿ ಗಾಲಿ ಒಂದು ಕಲ್ಲಿಗೆ ಬಡಿದು, ಸ್ಟೇರಿಂಗ್ ರಪ್ಪನೆ ತಿರುಗಿ ಬೆರಳಿಗೆ ಹೊಡೆದಿತ್ತಂತೆ. ತಿರುವುಗಳಲ್ಲಿ ಪೂರ್ತಿ ತಿರುಗಿಸಿದರೆ ಟಯರು ಬಂಪರಿನ ಮೂಲೆಗೆ ಕರಕರ ಉಜ್ಜುತ್ತಿತ್ತು. ಬಾಗಿಲ ಮೇಲೆಲ್ಲ ಕೆಸರು. ಅಪ್ಪ ಬಸ್ಸಿನಲ್ಲೇ ಪೇಟೆಗೆ ಹೋಗಿಬರತೊಡಗಿದ್ದರು. ಅದೂ ಆ ಮಳೆಯಲ್ಲಿ. ‘ಹುಡುಗ ಆಸೆಪಟ್ಟು ಹಾಕ್ಸಿದಾನೆ, ಹೇಳ್ಬೇಡ’ ಅಂತ ಅಮ್ಮನಿಗೆ ತಾಕೀತು ಬೇರೆ.

ಪೇಟೆಯ ಮೆಕ್ಯಾನಿಕ್ ಬೈಯಲಿಲ್ಲ. ಸೀಮೆಸುಣ್ಣ ತಗೊಂಡು ಗ್ಯಾರೇಜಿನ ನೆಲದ ಮೇಲೆ ಗಾಲಿಯನ್ನು ಅಡ್ಡಸೀಳಿದಂತೆ ಚಿತ್ರ ಬರೆದರು. ರಿಮ್ಮಿನ ಅಗಲದ ನಟ್ಟನಡುವೆ ಒಂದು ಗೆರೆ. ಹಬ್ಬಿಗೆ ಬೋಲ್ಟು ಹಾಕುವ ಮುಖ ಆ ಗೆರೆಯಿಂದ ಎಷ್ಟು ಮಿಲಿಮೀಟರ್ ದೂರವೋ ಅದೇ ಆಫ್‌ಸೆಟ್. ಮುಖ ರಸ್ತೆಯ ಕಡೆಗಿದ್ದರೆ ಪ್ಲಸ್, ಗಾಲಿ ಒಳಗೆ ಕೂರುತ್ತದೆ. ಗಾಡಿಯ ಕಡೆಗಿದ್ದರೆ ಮೈನಸ್, ಗಾಲಿ ಹೊರಗೆ ಬರುತ್ತದೆ. ನಮ್ಮ ಹಳೇ ರಿಮ್ಮು 7 ಇಂಚು, ಪ್ಲಸ್ 33.

‘ಲೆಕ್ಕ ಹಾಕಿ ಸಾರ್’ ಅಂದರು. ಹಾಕಿದೆ. ಹೊಸ ರಿಮ್ಮಿನ ಹೊರ ಅಂಚು ಮೊದಲಿಗಿಂತ ಸುಮಾರು 58 ಮಿಲಿಮೀಟರ್ ಆಚೆ. ಗಾಲಿಯ ನಡುಗೆರೆಯೇ 45 ಮಿಲಿಮೀಟರ್ ಆಚೆ. ಕಲ್ಲಿನ ಹೊಡೆತಕ್ಕೆ ಸಿಗುವ ಸನ್ನೆಗೋಲು ಅಷ್ಟು ಉದ್ದವಾಯಿತು, ಅದು ನೇರ ಅಪ್ಪನ ಕೈಗೆ ಬಂತು. ಬೇರಿಂಗಿಗೂ ಹೆಚ್ಚಿನ ಭಾರ. ಹೊರಗೆ ತಂದರೆ ಉಜ್ಜೋದು ತಪ್ಪುತ್ತೆ ಅಂತ ನಾನು ನಂಬಿದ್ದೆ. ಒಳಗಡೆ ತಪ್ಪುವುದು ನಿಜ. ಆದರೆ ತಿರುಗಿಸುವಾಗ ಗಾಲಿ ದೊಡ್ಡ ವೃತ್ತದಲ್ಲಿ ಬೀಸಿಕೊಂಡು ಬಂದು ಬಂಪರಿಗೆ, ಮಡ್‌ಗಾರ್ಡಿಗೆ ತಾಗುತ್ತದೆ. ಟಯರಿನ ಎತ್ತರವೂ 54 ಮಿಲಿಮೀಟರ್ ಹೆಚ್ಚಾಗಿತ್ತಲ್ಲ, ಮೀಟರು ನೂರು ತೋರಿಸುವಾಗ ಗಾಡಿ 107ರಲ್ಲಿ ಓಡುತ್ತಿತ್ತು! ಇನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ವಿಷಯ ಅವರು ಹೇಳಿದ ಮೇಲೆ, ವಿಮೆಯ ಕಾಗದ ತೆಗೆದು ಓದುವ ಧೈರ್ಯ ನನಗೆ ಬರಲಿಲ್ಲ.

8 ಇಂಚೇ ಬೇಕೆಂದರೆ ಪ್ಲಸ್ 20 ತರಬೇಕಿತ್ತಂತೆ. ಆಗ ರಿಮ್ಮಿನ ಒಳ ಅಂಚು ಹಳೆಯ ಜಾಗದಲ್ಲೇ ಇದ್ದು, ಹೊರಗಡೆ 26 ಮಿಲಿಮೀಟರ್ ಮಾತ್ರ ಬರುತ್ತಿತ್ತು. ಸರಿ, ಅದನ್ನೇ ತರಿಸೋಣ ಅಂತ ಫೋನ್ ತೆಗೆದೆ. ಅಷ್ಟು ಹೊತ್ತು ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದ ಅಪ್ಪ ಮೆಲ್ಲಗೆ ಕೆಮ್ಮಿದರು.

‘ಹಳೇ ರಿಮ್ಮು ಗೋಡೌನಲ್ಲಿದೆ ಕಣೋ.’

ನಾನು ಗುಜರಿಗೆ ಹಾಕಿ ಅಂದಿದ್ದವು. ನಾಲ್ಕನ್ನೂ ಒರೆಸಿ, ಗೋಣಿಚೀಲ ಹೊದಿಸಿ ಇಟ್ಟಿದ್ದರು.

ಅದೇ ರಿಮ್ಮಿಗೆ 265/70 ಟಯರು ಹಾಕಿಸಿದೆವು. ಗಾಡಿ 14 ಮಿಲಿಮೀಟರ್ ಎತ್ತರವಾಯಿತು, ಒಂದೊಂದು ಬದಿಗೆ ಬರೀ 10 ಮಿಲಿಮೀಟರ್ ಅಗಲ. ಮೆಕ್ಯಾನಿಕ್ ಸ್ಟೇರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಸಂದಿಗಳಲ್ಲಿ ಬೆರಳಿಟ್ಟು ನೋಡಿ ತಲೆಯಾಡಿಸಿದರು. ಆರ್‌ಸಿಯಲ್ಲಿರುವ ಸೈಜು ಇದಲ್ಲವಲ್ಲ ಅನ್ನುವ ಅಳುಕು ನನಗೆ ಇದ್ದೇ ಇತ್ತು. ಮುಂದಿನ ಸಲ ಟಯರು ಸವೆದಾಗ ಅಪ್ಪ ಹೇಳಿದ್ದೇ. ಕರಿ ಅಲಾಯ್‌ಗಳು ಅರ್ಧ ಬೆಲೆಗೆ ಹೋದವು.

ಮೊನ್ನೆ ರಾತ್ರಿ ಬಸ್ಸಿನಿಂದ ಇಳಿದಾಗ ಸ್ಟ್ಯಾಂಡಿನ ಹೊರಗೆ ಪಿಕಪ್ ನಿಂತಿತ್ತು. ಅಪ್ಪನೇ ಬಂದಿದ್ದರು. ‘ನಾನು ಓಡಿಸ್ಲಾ?’ ಅಂದೆ. ‘ನೀನು ಮಲಕ್ಕೋ, ದಾರಿ ಹಾಳಾಗಿದೆ’ ಅಂದರು. ಮನೆ ಹತ್ತಿರದ ತಿರುವಿನಲ್ಲಿ ಸದ್ದಿಲ್ಲದೆ ತಿರುಗಿಸಿದರು. ಹೆಬ್ಬೆರಳನ್ನು ಮಾತ್ರ ಸ್ಟೇರಿಂಗಿನ ಒಳಗೆ ಸೇರಿಸದೆ ಹೊರಗೇ ಇಟ್ಟುಕೊಂಡಿದ್ದರು.